ಪಾದ್ರಿ ಮನೆಯ ನಡುಗೋಡೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಥಾರ್ನಿಂಗ್‌ಹ್ಯಾಮ್ ಪಟ್ಟಣದ ಮಾನ್ಯ ಮೇಯರ್ ಅವರೇ, ಹಳೆಯ ಕಟ್ಟಡಗಳ ಸಂರಕ್ಷಣಾ ಸಂಘದ ಕಾರ್ಯದರ್ಶಿಗಳೇ, ಇಂದಿನ ಪ್ರಶಸ್ತಿಗೆ ಪಾತ್ರರಾದ ವಾಸ್ತುಶಿಲ್ಪಿ ಶ್ರೀಮತಿ ಇಮೊಜೆನ್ ಸ್ಟ್ರಾಕನ್ ಅವರೇ, ಈ ಮನೆಯ ಹೊಸ ಯಜಮಾನರಾದ ಕ್ಲಾರಿವೆಂಟ್ ಸಂಸ್ಥೆಯ ನಿರ್ದೇಶಕ ಶ್ರೀ ಪಿಯರ್ಸ್ ಹ್ಯಾಲಿವೆಲ್ ಅವರೇ, ಬಿಷಪ್ಪರ ಕಚೇರಿಯಿಂದ ಬಂದು ಮುಂದಿನ ಸಾಲಿನಲ್ಲಿ ನಿದ್ದೆಯನ್ನು ತಡೆದುಕೊಂಡು ಕೂತಿರುವ ಪೂಜ್ಯರೇ, ಹಾಗೂ ಸಭಿಕರೇ,

ನನಗೆ ಎರಡು ಮಾತು ಆಡಲು ಹೇಳಿದ್ದಾರೆ. "ಎರಡೇ ಎರಡು ಮಾತು, ಮಿಸ್ ಪಿಂಚ್‌ಬೆಕ್, ಸಿಹಿಯಾಗಿ ಆಡಿ, ಆಮೇಲೆ ಫಲಕ ಕೊಟ್ಟುಬಿಡಿ" ಅಂತ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದರು. ಸಿಹಿ ಬೇಕಿದ್ದರೆ ಮೇಜಿನ ಮೇಲೆ ಕೇಕ್ ಇದೆ. ನಾನು ಈ ಮನೆಯಲ್ಲಿ ವಾಸವಿದ್ದ ಕೊನೆಯ ಪಾದ್ರಿಯ ಮಗಳು. ನನ್ನನ್ನು ಕರೆದದ್ದು ಆ ಒಂದು ಕಾರಣಕ್ಕೇ ಎಂದು ನನಗೆ ಗೊತ್ತು. ಹಳೆಯ ಕಟ್ಟಡಕ್ಕೆ ಪ್ರಶಸ್ತಿ ಕೊಡುವಾಗ ಪಕ್ಕದಲ್ಲಿ ಒಬ್ಬ ಹಳೆಯ ಹೆಂಗಸು ನಿಂತಿದ್ದರೆ ಫೋಟೋ ಚೆನ್ನಾಗಿ ಬರುತ್ತದೆ.

ನನಗಿಂತ ಮುಂಚೆ ಮಾತಾಡಿದ ಮೂವರೂ ಈ ಮನೆಗೆ "ಮತ್ತೆ ಜೀವ ಬಂದಿದೆ" ಎಂದರು. ಸಂತೋಷ. ಹಾಗಾದರೆ ಮೊದಲು ಇಲ್ಲಿ ಇದ್ದದ್ದು ಏನು? ನಾವೇನು ಹೆಣಗಳಾಗಿದ್ದೆವೆ? ಈ ಮನೆ "ಉಸಿರಾಡುತ್ತಿದೆ" ಎಂದೂ ಒಬ್ಬರು ಹೇಳಿದರು. ಸ್ವಾಮಿ, ಈ ಮನೆ ಯಾವಾಗಲೂ ಉಸಿರಾಡುತ್ತಿತ್ತು. ಪ್ರತಿ ಕಿಟಕಿಯ ಸಂದಿಯಿಂದಲೂ ಉಸಿರಾಡುತ್ತಿತ್ತು. ಆ ಉಸಿರಿಗೆ ನಾವು ಮೂರು ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದೆವು.

ಕಳೆದ ತಿಂಗಳು ಶ್ರೀ ಹ್ಯಾಲಿವೆಲ್ ನನಗೆ ಮನೆಯೆಲ್ಲ ತೋರಿಸಿದರು. ನನ್ನ ಮನೆಯನ್ನು ನನಗೇ ತೋರಿಸುವ ಅವರ ಉತ್ಸಾಹವನ್ನು ಮೆಚ್ಚಲೇಬೇಕು. ಮಹಡಿಯ ಮಲಗುವ ಕೋಣೆಗಳೆಲ್ಲ ಈಗ ಸಭೆಯ ಕೋಣೆಗಳಂತೆ. ಅವಕ್ಕೆ ಹೆಸರಿಟ್ಟಿದ್ದಾರೆ. ಒಂದಕ್ಕೆ "ಕೃಪೆ", ಇನ್ನೊಂದಕ್ಕೆ "ಕರುಣೆ". ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ "ಕರುಣೆ"ಗೆ ಕರೆಯುತ್ತಾರಂತೆ. ಬೆಣ್ಣೆ ಮಾಂಸ ಕೆಡದ ಹಾಗೆ ಇಡುತ್ತಿದ್ದ ಉತ್ತರ ದಿಕ್ಕಿನ ಉಗ್ರಾಣದಲ್ಲಿ ಕಂಪ್ಯೂಟರ್ ಯಂತ್ರಗಳನ್ನು ಇಟ್ಟು, ಅವು ಬಿಸಿಯಾಗುತ್ತವೆಂದು ತಣ್ಣಗೆ ಮಾಡುವ ಇನ್ನೊಂದು ಯಂತ್ರ ತಂದಿದ್ದಾರೆ. ಕಿಟಕಿ ತೆಗೆದಿಟ್ಟಿದ್ದರೆ ಸಾಕಿತ್ತು. ಆದರೆ ಕಿಟಕಿ ತೆಗೆಯುವುದಕ್ಕೆ ಪ್ರಶಸ್ತಿ ಯಾರು ಕೊಡುತ್ತಾರೆ?

ಆಮೇಲೆ ನನ್ನನ್ನು ಈ ಸಭಾಂಗಣಕ್ಕೆ ಕರೆತಂದರು. ನೀವೆಲ್ಲ ಕೂತಿರುವ ಈ ಜಾಗ ಮೊದಲು ಒಂದೇ ಕೋಣೆಯಾಗಿರಲಿಲ್ಲ. ಅಲ್ಲಿ, ಮೇಯರ್ ಅವರು ಕೂತಿರುವ ಕಡೆ, ನನ್ನ ಅಪ್ಪ ಓದುವ ಕೋಣೆ. ಈ ಕಡೆ, ಕೇಕ್ ಇಟ್ಟಿರುವಲ್ಲಿ, ಅಡುಗೆಮನೆ. ನಡುವೆ ಒಂದು ಕತ್ತಲೆಯ ಓಣಿ, ಓಣಿಯ ಉದ್ದಕ್ಕೂ ಒಂದು ಗೋಡೆ, ಗೋಡೆಯಲ್ಲಿ ಹಸಿರು ದಪ್ಪಬಟ್ಟೆ ಹೊದಿಸಿದ ಒಂದು ಬಾಗಿಲು. ಅದೆಲ್ಲವನ್ನೂ ಕೆಡವಿ ಈ ಬಯಲು ಮಾಡಿದ್ದಾರೆ. ಶ್ರೀ ಹ್ಯಾಲಿವೆಲ್ ಎರಡೂ ಕೈ ಚಾಚಿ ಹೇಳಿದರು: "ನೋಡಿ ಮಿಸ್ ಪಿಂಚ್‌ಬೆಕ್, ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡೋ ಹಾಗಿಲ್ಲ!"

"ಅಯ್ಯೋ ಪಾಪ" ಅಂದೆ ನಾನು.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಈ ಸಂಸ್ಥೆಯ ಕಸುಬು ಏನೆಂದು ನಿಮಗೆ ಗೊತ್ತಿರಬಹುದು. ಬೇರೆ ಬೇರೆ ಕಂಪನಿಗಳಿಗೆ ಹೋಗಿ, ಅಲ್ಲಿನ ನೌಕರರು ಒಬ್ಬರೊಡನೊಬ್ಬರು ಹೇಗೆ ಮಾತಾಡಬೇಕು ಎಂದು ಕಲಿಸುವುದು ಇವರ ಕಸುಬು. ಮಾತಾಡುವುದನ್ನು ಕಲಿಸುವವರು ಇಡೀ ನಾಡಿನಲ್ಲಿ ಹುಡುಕಿ ಹುಡುಕಿ ಕೊಂಡದ್ದು ಯಾವ ಮನೆಯನ್ನು? ಜನ ಒಬ್ಬರ ಮಾತು ಒಬ್ಬರಿಗೆ ಕೇಳಿಸಬಾರದು ಎಂದೇ ಕಟ್ಟಿದ ಮನೆಯನ್ನು. ಅವತ್ತು ನಾನು ಹೊರಡುವಾಗ ಇಲ್ಲಿಯ ಒಬ್ಬ ಹುಡುಗಿ ಹಿಂದಿನ ಅಂಗಳದಲ್ಲಿ, ಕಸದ ಡಬ್ಬಿಗಳ ಪಕ್ಕ ನಿಂತು ಅಳುತ್ತಿದ್ದಳು. ತುಂತುರು ಮಳೆ ಬೇರೆ. "ಒಳಗೆ ಹೋಗಿ ಅಳಮ್ಮ" ಅಂದೆ. "ಒಳಗೆ ಜಾಗ ಇಲ್ಲ" ಅಂದಳು. ಇಷ್ಟು ದೊಡ್ಡ ಮನೆಯಲ್ಲಿ, ಸಭಿಕರೇ, ಅಳುವುದಕ್ಕೆ ಒಂದು ಮೂಲೆ ಉಳಿಸಿಲ್ಲ. ಇದಕ್ಕೆ ಈಗ ಫಲಕ.

ಹಾಗೆಂದು ಈ ಮನೆಯನ್ನು ಮೊದಲು ಕಟ್ಟಿದವನನ್ನು ನಾನು ಹೊಗಳುತ್ತೇನೆ ಎಂದುಕೊಳ್ಳಬೇಡಿ. ಅವನ ಹೆಸರು ಸೆಪ್ಟಿಮಸ್ ಗಾಂಟ್. ವಿಕ್ಟೋರಿಯಾ ರಾಣಿಯ ಕಾಲದವನು. ಈ ಮನೆಗೆ ಮುಂಚೆ ಅವನು ಕಟ್ಟಿದ್ದು ಚರ್ಚುಗಳು, ಒಂದು ಸೆರೆಮನೆ, ಒಂದು ಹುಚ್ಚಾಸ್ಪತ್ರೆ. ಪಾದ್ರಿಗೆ ಮನೆ ಕಟ್ಟಿಕೊಡು ಎಂದಾಗ ಮೂರರಿಂದಲೂ ಸ್ವಲ್ಪ ಸ್ವಲ್ಪ ತಂದು ಹಾಕಿದ. ಕೈಮುಗಿದ ಹಾಗೆ ಚೂಪಾದ ಕಿಟಕಿ ಚರ್ಚಿನದು, ಗೋಡೆಯ ದಪ್ಪ ಸೆರೆಮನೆಯದು, ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯದ ಓಣಿಗಳು ಹುಚ್ಚಾಸ್ಪತ್ರೆಯವು. ಹೊಗೆಗೊಳವೆಗಳು ಮಾತ್ರ ಅವನ ಸ್ವಂತದವು. ಆಕಾಶಕ್ಕೆ ಮುಟ್ಟುವಷ್ಟು ಎತ್ತರ, ಹೊಗೆಯೆಲ್ಲ ಕೋಣೆಯೊಳಗೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು. ಮನೆಗೆ ಎರಡು ಮುಖ ಮಾಡಿದ. ಓದುವ ಕೋಣೆಗೆ ಹೊರಗಿನಿಂದಲೇ ಬೇರೆ ಬಾಗಿಲು ಇಟ್ಟ. ಊರಿನವರು ಸಾವು, ಸಾಲ, ಬಸಿರು, ಕುಡಿತ, ಏನೇ ಕಷ್ಟ ಹೊತ್ತು ಬಂದರೂ ನೇರ ಅಲ್ಲಿಗೆ ಬರಬೇಕು. ಪಾದ್ರಿಯ ಹೆಂಡತಿ ಏನು ಅಡುಗೆ ಮಾಡಿದ್ದಾಳೆಂದು ಅವರಿಗೆ ತಿಳಿಯಬಾರದು, ಅವರು ಯಾಕೆ ಅಳುತ್ತಿದ್ದಾರೆಂದು ಪಾದ್ರಿಯ ಹೆಂಡತಿಗೆ ತಿಳಿಯಬಾರದು. ಅದಕ್ಕೇ ಆ ಗೋಡೆ, ಅದಕ್ಕೇ ಹಸಿರು ಬಟ್ಟೆಯ ಬಾಗಿಲು. ಮಹಡಿಗೆ ಎರಡು ಮೆಟ್ಟಿಲು: ಮುಂದಿನದು ಮನೆಯವರಿಗೆ, ಅಡುಗೆಮನೆಯ ಹಿಂದಿನದು ಆಳುಗಳಿಗೆ. ಕೆಡವುವ ಮುನ್ನ ತಜ್ಞರು ಬಂದು ಪರೀಕ್ಷಿಸಿ "ಈ ಗೋಡೆಗೆ ವಿಶೇಷ ಮಹತ್ವವಿಲ್ಲ" ಎಂದು ಬರೆದರಂತೆ. ಅವರು ಗೋಡೆಯನ್ನು ತಟ್ಟಿ ನೋಡಿರಬೇಕು. ಗೋಡೆಯ ಮಹತ್ವ ತಟ್ಟಿದರೆ ತಿಳಿಯುತ್ತದೆಯೆ? ನನ್ನ ಅಪ್ಪ ಅಮ್ಮನ ಮದುವೆ ನಿಂತಿದ್ದದ್ದು ಆ ಗೋಡೆಯ ಮೇಲೆ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಇರಲಿ, ಕೇಳಿ, ಕಟ್ಟಡದ ವಿಷಯವೇ.

ನನ್ನ ಅಪ್ಪ ಆಂಬ್ರೋಸ್ ಪಿಂಚ್‌ಬೆಕ್. ನೀವು ಕೆಲವರು, ತಲೆ ನರೆತವರು, ಅವರನ್ನು ನೋಡಿದ್ದೀರಿ. ಮೆತ್ತಗೆ ಮಾತಾಡುತ್ತಿದ್ದರು. ಊರಿನವರ ಗೋಳನ್ನು ಬೆಳಗಿನಿಂದ ಸಂಜೆಯವರೆಗೆ ತಲೆಯಾಡಿಸುತ್ತ ಕೇಳುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ಕಿವಿ ತುಂಬಿ ಹೋಗಿರುತ್ತಿತ್ತು. ಅಮ್ಮ ಲೆಟಿಸ್, ಯಾರ್ಮತ್ತಿನ ಕಡಲ ದಂಡೆಯಲ್ಲಿ ವಸತಿಗೃಹ ನಡೆಸುವವರ ಮಗಳು. ದೊಡ್ಡ ನಗು, ದೊಡ್ಡ ಸಿಟ್ಟು. ಬೇಸಿಗೆಯ ಗಿರಾಕಿಗಳ ಗಲಾಟೆಯಲ್ಲಿ ಬೆಳೆದವಳು, ಇಂಥ ಮನೆಗೆ ಬಂದು ಬಿದ್ದಳು. ಬಂದ ಮೊದಲ ದಿನ ಓಣಿಯಲ್ಲಿ ನಿಂತು "ಯಾರಾದ್ರೂ ಇದ್ದೀರಾ?" ಅಂತ ಕೂಗಿದಳಂತೆ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಅವರಿಗೆ ಕೇಳಿಸಲಿಲ್ಲ.

ನನಗೆ ಒಬ್ಬ ತಮ್ಮ ಇದ್ದ. ಲಾರೆನ್ಸ್. ನಡೆಯುವುದನ್ನು ಕಲಿಯುವ ಮುಂಚೆ ಜ್ವರ ಬಂದು ಹೋಗಿಬಿಟ್ಟ. ಅವನನ್ನು ಮಣ್ಣು ಮಾಡುವ ವಿಧಿಯನ್ನು ಅಪ್ಪನೇ ನಡೆಸಿದರು. ಪಕ್ಕದ ಊರಿನ ಪಾದ್ರಿಯನ್ನು ಕರೆಸಬಹುದಿತ್ತು. ಕರೆಸಲಿಲ್ಲ. ಅದನ್ನಾದರೂ ಅಮ್ಮ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮುಂದಿನ ಭಾನುವಾರ ಅಪ್ಪ ಪ್ರವಚನಕ್ಕೆ ನಿಂತು, ದೇವರ ಚಿತ್ತಕ್ಕೆ ತಲೆಬಾಗುವುದು ಹೇಗೆ ಎಂದು ಊರಿಗೆಲ್ಲ ವಿವರಿಸಿದರು. "ನಮ್ಮ ಮನೆಯ ಚಿಕ್ಕ ತೊಟ್ಟಿಲು ಈಗ ಬರಿದಾಗಿದೆ" ಎಂದು ಶುರು ಮಾಡಿದರು. ಹೆಂಗಸರು ಕರವಸ್ತ್ರ ತೆಗೆದರು. ಬಹಳ ಒಳ್ಳೆಯ ಪ್ರವಚನವಂತೆ, ಈಗಲೂ ಕೆಲವರು ನೆನೆಯುತ್ತಾರೆ. ಅಮ್ಮ ಮುಂದಿನ ಸಾಲಿನಿಂದ ಎದ್ದಳು. ಕಲ್ಲು ಹಾಸಿನ ಮೇಲೆ ಅವಳ ಬೂಟಿನ ಸದ್ದು ಬಾಗಿಲಿನವರೆಗೂ ಕೇಳಿಸಿತು.

ಅಪ್ಪ ಮನೆಗೆ ಬಂದಾಗ ಅವಳು ಓಣಿಯಲ್ಲಿ ಕಾಯುತ್ತಿದ್ದಳು. ಒಂದೇ ಮಾತು ಆಡಿದಳು.

"ನನ್ನ ಮಗೂನ ಉಪದೇಶಕ್ಕೆ ಉದಾಹರಣೆ ಮಾಡ್ಬಿಟ್ರಲ್ಲಾ."

ಅವತ್ತೇ ತನ್ನ ಬಟ್ಟೆಬರೆ ಎತ್ತಿಕೊಂಡು, ಹಿಂದಿನ ಮೆಟ್ಟಿಲು ಹತ್ತಿ, ಅಡುಗೆಮನೆಯ ಮೇಲಿನ ಆಳಿನ ಕೋಣೆಗೆ ಹೋದಳು. ಹಸಿರು ಬಾಗಿಲು ಮುಚ್ಚಿತು.

ಪಾದ್ರಿ ಹೆಂಡತಿಯನ್ನು ಬಿಡುವ ಹಾಗಿರಲಿಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಚರ್ಚಿನದು. ಬಿಷಪ್ಪರ ಕಚೇರಿಯ ಪೂಜ್ಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹಾಗಾಗಿ ನ್ಯಾಯಾಲಯ ಮಾಡಿಕೊಡಬೇಕಾದ ಕೆಲಸವನ್ನು ಸೆಪ್ಟಿಮಸ್ ಗಾಂಟ್ ಮಾಡಿಕೊಟ್ಟ. ಅಪ್ಪನಿಗೆ ಮುಂದಿನ ಬಾಗಿಲು, ಮುಂದಿನ ಮೆಟ್ಟಿಲು, ಓದುವ ಕೋಣೆ. ಅಮ್ಮನಿಗೆ ಹಿಂದಿನ ಬಾಗಿಲು, ಹಿಂದಿನ ಮೆಟ್ಟಿಲು, ಅಡುಗೆಮನೆ. ಭಾನುವಾರ ಬೆಳಿಗ್ಗೆ ಇಬ್ಬರೂ ಗೇಟಿನ ಹತ್ತಿರ ಸೇರಿ, ತೋಳಿಗೆ ತೋಳು ಸೇರಿಸಿ ಚರ್ಚಿಗೆ ನಡೆದು ಹೋಗುತ್ತಿದ್ದರು. ಊರಿನ ಹೆಂಗಸರು "ಪಾದ್ರಿ ಮನೇಲಿ ಒಂದು ದಿನ ಒಂದು ಜೋರು ಮಾತು ಕೇಳಿದ್ದಿಲ್ಲ" ಎಂದು ಹೊಗಳುತ್ತಿದ್ದರು. ಹೇಗೆ ಕೇಳಿಸೀತು?

ಎರಡೂ ಕಡೆ ಹೋಗಿಬರುವ ಹಕ್ಕಿದ್ದವಳು ನಾನೊಬ್ಬಳೇ. "ಹೆಟಿ, ನಿಮ್ಮಪ್ಪನಿಗೆ ಹೇಳು, ಸೂಪು ಆರ್ತಾ ಇದೆ." "ಹೆಟಿ, ನಿಮ್ಮಮ್ಮನಿಗೆ ಹೇಳು, ಗುರುವಾರ ಬಿಷಪ್ಪರು ಚಹಾಕ್ಕೆ ಬರ್ತಾರೆ." ನಾನು ಆ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಓಡುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು. ನಾನಿಲ್ಲದಿದ್ದರೆ ಈ ಮನೆ ನಡೆಯುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಎಷ್ಟು ಮಕ್ಕಳಿಗೆ ಅಂಥ ಕೆಲಸ ಸಿಗುತ್ತದೆ ಹೇಳಿ? ಈಗಿನ ಕಾಲದಲ್ಲಿ ಅದಕ್ಕೆ ಕ್ಲಾರಿವೆಂಟ್ ಸಂಸ್ಥೆಯವರನ್ನು ಕರೆಸಬೇಕು, ಅವರು ಬಣ್ಣದ ಚೀಟಿ ಅಂಟಿಸಿ ಹೋಗುತ್ತಾರೆ.

ಆಮೇಲೆ ಅರವತ್ತಮೂರರ ಚಳಿಗಾಲ ಬಂತು. ಇಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಬಿದ್ದ ಹಿಮ ವಸಂತದವರೆಗೂ ಎದ್ದು ಹೋಗಲಿಲ್ಲ. ಹಕ್ಕಿಗಳು ಕೊಂಬೆಯ ಮೇಲೇ ಸೆಟೆದುಕೊಂಡವು. ಓದುವ ಕೋಣೆಯ ಕಡೆಯ ನೀರಿನ ಕೊಳವೆ ಒಡೆದು ಗೋಡೆಯ ಮೇಲೆಲ್ಲ ಮಂಜುಗಡ್ಡೆ ಇಳಿಬಿತ್ತು. ಗಾಂಟ್ ಮಹಾಶಯನ ಹೊಗೆಗೊಳವೆಯೊಳಗೆ ಕಾಗೆಗಳು ಗೂಡು ಕಟ್ಟಿ ಮುಚ್ಚಿಬಿಟ್ಟಿದ್ದವು, ಬೆಂಕಿ ಹಚ್ಚಿದರೆ ಕಣ್ಣು ಕಾಣದಷ್ಟು ಹೊಗೆ. ಮನೆಯಲ್ಲಿ ಬೆಚ್ಚಗಿದ್ದದ್ದು ಅಡುಗೆಮನೆಯ ಕಬ್ಬಿಣದ ಒಲೆಯ ಸುತ್ತ ಮಾತ್ರ. ಅಪ್ಪ ಮೇಲಂಗಿ, ಟೊಪ್ಪಿಗೆ, ಕೈಗವಸು ಹಾಕಿಕೊಂಡು ಓದುವ ಕೋಣೆಯಲ್ಲೇ ಕೆಮ್ಮುತ್ತ ಕೂತರು. ಬಾಗಿಲು ದಾಟಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವಳು ಮಿಸೆಸ್ ಟಪ್ಪರ್. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಅಪ್ಪನಿಗೆ ಚಹಾ ಕೊಟ್ಟು ಬಂದವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಮ್ಮಾವ್ರೇ, ಪಾದ್ರಿಗಳು ನೀಲಿಗಟ್ಟಿದಾರೆ. ನಾನು ಹೇಳ್ದೆ, ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ ಅಂತ. 'ಕರೆದಿಲ್ವಲ್ಲಾ' ಅಂತಾರೆ."

"ಬರಬೇಡಿ ಅಂತ ನಾನೇನೂ ಹೇಳಿಲ್ಲ" ಅಂದಳು ಅಮ್ಮ, ಆಲೂಗಡ್ಡೆ ಸುಲಿಯುತ್ತ.

"ಬನ್ನಿ ಅಂತಾನೂ ಹೇಳಿಲ್ಲ. ನಿಮ್ಮಿಬ್ಬರ ಮರ್ಯಾದೆ ನೋಡ್ತಾ ಕೂತ್ರೆ ನಾನು ಈ ವಾರ ಹೆಣಕ್ಕೆ ಸ್ನಾನ ಮಾಡಿಸ್ಬೇಕಾಗತ್ತೆ. ಅದಕ್ಕೂ ನೀರಿಲ್ಲ, ಎಲ್ಲಾ ಗಡ್ಡೆ ಕಟ್ಟಿದೆ."

ಅಮ್ಮ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ನನ್ನನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ಅವತ್ತು ಮಧ್ಯಾಹ್ನ ಹಿಂದಿನ ಬಾಗಿಲನ್ನು ಯಾರೋ ತಟ್ಟಿದರು. ಕಲ್ಲಿದ್ದಲಿನವನಿರಬೇಕು ಎಂದು ನಾನು ಓಡಿ ಹೋಗಿ ತೆರೆದೆ. ಅಪ್ಪ ನಿಂತಿದ್ದರು. ಒಳಗಿನ ಬಾಗಿಲು ಬಿಟ್ಟು, ಮುಂದಿನ ಬಾಗಿಲಿನಿಂದ ಹೊರಟು, ಮೊಣಕಾಲಿನವರೆಗಿನ ಹಿಮದಲ್ಲಿ ಮನೆಯನ್ನು ಪೂರ್ತಿ ಸುತ್ತಿಕೊಂಡು ಬಂದಿದ್ದರು. ಟೊಪ್ಪಿಗೆ ಕೈಯಲ್ಲಿ.

ಅಮ್ಮ ಎದ್ದು ಬಂದಳು. "ಯಾರು ಬೇಕಾಗಿತ್ತು?" ಅಂದಳು. ಮುಖದಲ್ಲಿ ಒಂದು ಚೂರೂ ನಗುವಿರಲಿಲ್ಲ.

"ತೊಂದರೆ ಇಲ್ದಿದ್ರೆ, ಸ್ವಲ್ಪ ಹೊತ್ತು ಬೆಂಕಿ ಹತ್ರ ಕೂತ್ಕೋಬಹುದಾ?"

"ಕಾಲು ಒರೆಸಿಕೊಂಡು ಬನ್ನಿ."

ಅಷ್ಟೇ. ಅವರು ಒಲೆಯ ಒಂದು ಪಕ್ಕ, ಇವಳು ಇನ್ನೊಂದು ಪಕ್ಕ. ಹೀಗೆ ಬಹಳ ದಿನ ನಡೆಯಿತು. ಅಪ್ಪ ಬೆಳಿಗ್ಗೆ ಮನೆ ಸುತ್ತಿಕೊಂಡು ಬರುವುದು, ಸಂಜೆ ಮನೆ ಸುತ್ತಿಕೊಂಡು ಹೋಗುವುದು. ಹಿಮದಲ್ಲಿ ದಾರಿಯೇ ಬಿದ್ದಿತ್ತು. ಇಬ್ಬರೂ ಎದುರುಬದುರು ಕೂತು "ಹೆಟಿ, ನಿಮ್ಮಪ್ಪನಿಗೆ ಉಪ್ಪು ಕೊಡು", "ಹೆಟಿ, ನಿಮ್ಮಮ್ಮನಿಗೆ ಥ್ಯಾಂಕ್ಸ್ ಹೇಳು". ಇಂಥ ಇಬ್ಬರು ಬುದ್ಧಿವಂತರನ್ನು ನಾನು ಆಮೇಲೆ ನೋಡಿಲ್ಲ. ನಗಬೇಡಿ, ನಿಮ್ಮಲ್ಲಿ ಕೆಲವರ ಮನೆಯ ಸಂಗತಿ ನನಗೂ ಗೊತ್ತಿದೆ.

ಒಂದು ದಿನ ಐವಿ ಸ್ಪಿಂಕ್ಸ್ ಬಂದಳು. ಕೆಳಗಿನ ಹಂದಿ ಸಾಕಣೆಯವನ ಹೆಂಡತಿ, ಇನ್ನೂ ಚಿಕ್ಕ ಹುಡುಗಿ. ಓದುವ ಕೋಣೆಯ ಬಾಗಿಲು ತಟ್ಟಿ ತಟ್ಟಿ ಯಾರೂ ಇಲ್ಲದೆ, ಅಪ್ಪನ ಹೆಜ್ಜೆಯ ದಾರಿ ಹಿಡಿದು ಹಿಂದಕ್ಕೆ ಬಂದಿದ್ದಳು. ಅವಳ ಮಗು ತೀರಿಕೊಂಡು ವಾರವಾಗಿತ್ತು. ಶವಪೆಟ್ಟಿಗೆ ಚರ್ಚಿನ ಒಳಕೋಣೆಯಲ್ಲಿ ಕಾಯುತ್ತಿತ್ತು.

"ಪಾದ್ರಿಗಳೇ, ಇವತ್ತಾದ್ರೂ ಆಗುತ್ತಾ?"

"ಇಲ್ಲಮ್ಮ. ನೆಲ ಕಲ್ಲಾಗಿದೆ. ಗುದ್ದಲಿ ಇಳೀತಿಲ್ಲ."

"ಅಲ್ಲಿ ಬೆಂಕಿ ಇಲ್ವಲ್ಲಾ. ಅವಳಿಗೆ ಚಳಿ ಆಗಲ್ವಾ?"

ಅಪ್ಪ ಗಂಟಲು ಸರಿಮಾಡಿಕೊಂಡರು. ಆ ಸದ್ದು ನನಗೆ ಗೊತ್ತಿತ್ತು. ಪ್ರವಚನದ ಮುಂಚಿನ ಸದ್ದು ಅದು. "ಐವಿ, ನೋಡು, ದೇವರ ಚಿತ್ತ ನಮಗೆ..."

"ಆಂಬ್ರೋಸ್, ಬಾಯ್ಮುಚ್ಚು."

ಅಮ್ಮ ಹೇಳಿದ್ದು. ನೇರವಾಗಿ. ನನ್ನ ಮೂಲಕ ಅಲ್ಲ. ಅವಳು ಐವಿಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು.

"ಏನ್ ಹೆಸರಿಟ್ಟಿದ್ದೆ ಮಗೂಗೆ?"

"ಮೇವಿಸ್."

"ಕೂದಲಿತ್ತಾ?"

"ತುಂಬಾ ಇತ್ತಮ್ಮ. ಕಪ್ಪು. ಹುಟ್ಟಿದಾಗ ನಮ್ಮನೆಯವರು ನಕ್ಕುಬಿಟ್ರು, ಬಾಚಣಿಗೆ ತರ್ಲಾ ಅಂತ." ಹೇಳುತ್ತಲೇ ಐವಿಯ ಬಾಯಿ ಸೊಟ್ಟಗಾಯಿತು. ಆಮೇಲೆ ಅವಳು ಅತ್ತದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ಅವಳ ಮಕ್ಕಳು ಮೊಮ್ಮಕ್ಕಳು ಈ ಊರಲ್ಲಿದ್ದಾರೆ.

ಅಮ್ಮ ಹಿಂದಿನ ಮೆಟ್ಟಿಲು ಹತ್ತಿ ಹೋಗಿ ಒಂದು ಬಿಳಿ ಉಣ್ಣೆಯ ಶಾಲು ತಂದಳು. ಅಂಚಿನಲ್ಲಿ ಹೆಣೆದ ಬಾತುಕೋಳಿಗಳಿದ್ದವು. ಅದನ್ನು ಅಪ್ಪನ ಕೈಗೆ ಕೊಟ್ಟಳು. "ಇವಳ ಜೊತೆ ಹೋಗಿ. ಪೆಟ್ಟಿಗೆ ತೆಗೆಸಿ, ಮಗೂಗೆ ಹೊದಿಸಿ. ಏನೂ ಮಾತಾಡಬೇಡಿ."

ಅಪ್ಪ ಶಾಲನ್ನು ನೋಡಿದರು. ಅದು ಯಾರದೆಂದು ಅವರಿಗೆ ಗೊತ್ತಿತ್ತು. ತಮ್ಮ ಮೇಲಂಗಿಯೊಳಗೆ ಎದೆಗೆ ಒತ್ತಿ ಹಿಡಿದುಕೊಂಡು ಐವಿಯ ಜೊತೆ ಹೊರಟರು.

ವಾಪಸ್ ಬಂದಾಗ ಸಂಜೆಯಾಗಿತ್ತು. ಕೂರಲಿಲ್ಲ. ಬಾಗಿಲ ಬಳಿಯೇ ನಿಂತು ಹೇಳಿದರು: "ಲಾರೆನ್ಸ್‌ಗೆ ಕೂದಲೇ ಇರ್ಲಿಲ್ಲ ಅಲ್ವಾ? ಹುಬ್ಬೂ ಇರ್ಲಿಲ್ಲ."

ಅಮ್ಮನ ಕೈಯಲ್ಲಿದ್ದ ತಟ್ಟೆ ಗೋಡೆಗೆ ಹೋಗಿ ಬಡಿಯಿತು. ಅಪ್ಪನಿಗೆ ಗುರಿಯಿಟ್ಟದ್ದೋ ಗೋಡೆಗೆ ಗುರಿಯಿಟ್ಟದ್ದೋ ಗೊತ್ತಿಲ್ಲ.

"ಈಗ ಹೇಳ್ತೀಯಾ? ಈಗ? ಅವತ್ತು ಊರಿಗೆಲ್ಲಾ ಹೇಳ್ದೆ. ಬೇಕರಿಯವನಿಗೆ ಹೇಳ್ದೆ, ಅಂಚೆಯವನಿಗೆ ಹೇಳ್ದೆ. ನನಗೊಂದು ಮಾತು ಹೇಳ್ಲಿಲ್ಲ!"

"ನನಗೆ ಬರ್ತಿರ್ಲಿಲ್ಲ ಲೆಟಿ. ಅಲ್ಲಿ ಮೇಲೆ ನಿಂತ್ರೆ ಮಾತು ಬರ್ತಿತ್ತು. ನಿನ್ನ ಮುಂದೆ ಬರ್ತಿರ್ಲಿಲ್ಲ."

"ಮಾತು ಬರ್ದಿದ್ರೆ ಅಳಬೇಕಿತ್ತು!"

"ಅತ್ತೆ."

"ಎಲ್ಲಿ ಅತ್ತೆ? ಯಾವಾಗ ಅತ್ತೆ?"

"ಓದೋ ಕೋಣೇಲಿ. ದಿನಾ ಅಳ್ತಿದ್ದೆ. ಜೋರಾಗೇ ಅಳ್ತಿದ್ದೆ. ನಿನಗೆ ಕೇಳಿಸುತ್ತೆ, ಬರ್ತೀಯ ಅನ್ಕೊಂಡಿದ್ದೆ."

ಅಮ್ಮ ಮೇಜು ಹಿಡಿದುಕೊಂಡಳು. "ನಾನು ಇಲ್ಲೇ ಇದ್ದೆ. ಗೋಡೆ ಈ ಕಡೆ. ನನಗೇನೂ ಕೇಳಿಸ್ಲಿಲ್ಲ ಆಂಬ್ರೋಸ್."

ಇದನ್ನು ನಾನು ಹೇಳಿದ್ದು ಗಾಂಟ್ ಮಹಾಶಯನ ಇಟ್ಟಿಗೆ ಕೆಲಸ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಸುವುದಕ್ಕೆ.

ನೀರು. ಕ್ಷಮಿಸಿ. ಆ ಲೋಟ ಇತ್ತ ಕೊಡಿ.

ಆಮೇಲೆ ಅವರು ಜಗಳವಾಡಿದರು. ಅಂಥ ಜಗಳವನ್ನು ನಾನು ಕೇಳಿರಲಿಲ್ಲ. ಬಚ್ಚಿಟ್ಟಿದ್ದ ಎಲ್ಲವನ್ನೂ ಹೊರಗೆ ತೆಗೆದರು: ಯಾರ್ಮತ್ತಿನ ನೆಂಟರು, ಆರಿದ ಸೂಪು, ಯಾವುದೋ ಬಿಷಪ್ಪರ ಚಹಾ. ಮಿಸೆಸ್ ಟಪ್ಪರ್ ನನ್ನನ್ನು ಎಳೆದುಕೊಂಡು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿದಳು. "ಬಿಡು ಮಗಾ, ಕೊನೆಗೂ ಗಂಡ ಹೆಂಡ್ತಿ ಆದ್ರು" ಅಂದಳು. ಜಗಳ ಮುಗಿದಾಗ ಅಪ್ಪ ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಹಸಿರು ಬಾಗಿಲನ್ನು ತಳ್ಳಿಕೊಂಡು ಒಳಗಿನಿಂದಲೇ ಹೋದರು. ಅದರ ಕೀಲು ಕಿರುಗುಟ್ಟಿತು.

ಕ್ಲಾರಿವೆಂಟ್ ಸಂಸ್ಥೆಯವರ ಮುಖ ಅರಳಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. "ನೋಡಿದಿರಾ, ಮುಕ್ತ ಮಾತುಕತೆ! ಗೋಡೆ ಕೆಡವಿದ್ದೇ ಸರಿ!" ಎನ್ನುತ್ತೀರಿ. ಸ್ವಲ್ಪ ತಡೆಯಿರಿ. ಅದನ್ನು ಕೆಡವುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವರಿಬ್ಬರಿಗೆ ಇತ್ತು. ಅವರು ಕೆಡವಲಿಲ್ಲ. ಬಾಗಿಲಿತ್ತು, ಅದನ್ನು ತೆರೆದರು. ಅಪ್ಪ ಒಮ್ಮೆ ಹುರುಪಿನಲ್ಲಿ ಬಾಗಿಲನ್ನೇ ಕೀಲಿನಿಂದ ಕಳಚಿಟ್ಟರು. "ಗಾಳಿ ಬರುತ್ತೆ, ವಾಪಸ್ ಹಾಕಿ" ಅಂದಳು ಅಮ್ಮ. ಹಾಕಿದರು. ಸಿಟ್ಟು ಬಂದಾಗ ಹೋಗಿ ಕೂರುವುದಕ್ಕೆ ಇಬ್ಬರಿಗೂ ಒಂದೊಂದು ಕಡೆ ಬೇಕಲ್ಲ. ಜೀವನಪೂರ್ತಿ ಮಾತಾಡುತ್ತಲೇ ಇರಬೇಕೆನ್ನುವವರು ಮದುವೆಯಾಗಿಲ್ಲ ಎಂದು ಕಾಣುತ್ತದೆ. ನಾನೂ ಆಗಿಲ್ಲ, ಆದರೆ ನಾನು ಯಾರಿಗೂ ಪಾಠ ಹೇಳಲು ಹೋಗುವುದಿಲ್ಲ.

ಹಿಮ ಕರಗಿದ ಮೇಲೆ ಮೇವಿಸ್ ಸ್ಪಿಂಕ್ಸಳನ್ನು ಮಣ್ಣು ಮಾಡಿದರು. ಅಪ್ಪ ವಿಧಿಗೆ ಬೇಕಾದಷ್ಟು ಓದಿ, ಪ್ರವಚನವಿಲ್ಲದೆ ಮುಗಿಸಿದರು. ಊರಿನವರಿಗೆ ಅದು ಸಪ್ಪೆಯೆನಿಸಿತು. ಅಮ್ಮ ಐವಿಯ ಪಕ್ಕದಲ್ಲಿ ನಿಂತಿದ್ದಳು.

ಆ ವರ್ಷ ಚಳಿಗಾಲಕ್ಕೆ ಮುಂಚೆ ನನ್ನನ್ನು ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ಇದ್ದ ವಸತಿ ಶಾಲೆಗೆ ಕಳಿಸಿದರು. ಯಾವುದಕ್ಕೂ ಕೊರತೆಯಿಲ್ಲದ ಶಾಲೆ. ನಾನು ದೂರು ಹೇಳುತ್ತಿಲ್ಲ. ಇಬ್ಬರೂ ಒಟ್ಟಿಗೆ ಕೂತು ತೀರ್ಮಾನಿಸಿದ್ದರು, ಒಟ್ಟಿಗೇ ಹೇಳಿದರು. ಅವರಿಬ್ಬರೂ ಒಂದೇ ವಾಕ್ಯವನ್ನು ಹಂಚಿಕೊಂಡು ಹೇಳಿದ್ದು ನಾನು ಕಂಡದ್ದು ಅವತ್ತೇ ಮೊದಲು. ಇನ್ನು ಸುದ್ದಿ ಹೊತ್ತು ಓಡಾಡುವವರು ಆ ಮನೆಗೆ ಬೇಕಾಗಿರಲಿಲ್ಲ.

ಕ್ರಿಸ್‌ಮಸ್ಸಿಗೆ ಬಂದೆ. ಪೆಟ್ಟಿಗೆಯನ್ನು ಮುಂದಿನ ಬಾಗಿಲಲ್ಲೇ ಇಟ್ಟು ಓಣಿಯಲ್ಲಿ ಓಡಿದೆ. ಹಸಿರು ಬಾಗಿಲು ಅರ್ಧ ತೆರೆದಿತ್ತು, ಅಡುಗೆಮನೆಯಲ್ಲಿ ಅಮ್ಮ ನಗುತ್ತಿದ್ದಳು, ಯಾರ್ಮತ್ತಿನ ನಗು. ಅಪ್ಪ ಏನೋ ಹೇಳುತ್ತಿದ್ದರು. ನಾನು ಬಾಗಿಲು ತಳ್ಳಿದೆ. ಇಬ್ಬರೂ ಮಾತು ನಿಲ್ಲಿಸಿದರು.

"ಏನ್ ಮಾತಾಡ್ತಿದ್ರಿ?" ಅಂದೆ.

"ಏನಿಲ್ಲ ಪುಟ್ಟಿ" ಅಂದರು ಇಬ್ಬರೂ.

ಏನಿಲ್ಲವಂತೆ! ಅಷ್ಟು ವರ್ಷ ಈ ಮನೆಯ ಒಂದೊಂದು ಮಾತೂ ನನ್ನ ಬಾಯಿಂದ ಹಾದು ಹೋಗಿತ್ತು. ಅವರ ಮಾತು ಏನಿತ್ತೋ ನನಗೆ ಇವತ್ತಿಗೂ ತಿಳಿಯದು. ಅಮ್ಮನನ್ನು ಆಮೇಲೆ ಕೇಳಿದ್ದೆ. ಅವಳಿಗೆ ನೆನಪೇ ಇರಲಿಲ್ಲ.

ಅಪ್ಪ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅಮ್ಮ ಕಪ್ಪು ಬಟ್ಟೆಯಲ್ಲಿರುವಾಗಲೇ ಬಿಷಪ್ಪರ ಕಚೇರಿಯಿಂದ ಒಬ್ಬರು ಬಂದು, ಚಹಾ ಕುಡಿದು, ಮನೆ ಯಾವಾಗ ಖಾಲಿಯಾಗುತ್ತದೆ ಎಂದು ಬಹಳ ನಯವಾಗಿ ಕೇಳಿದರು. "ನೀವು ಎದ್ದ ಕೂಡಲೇ ಸಾಮಾನು ಕಟ್ಟೋಕೆ ಶುರು ಮಾಡ್ತೀನಿ" ಅಂದಳು ಅಮ್ಮ. ಇಲ್ಲ ಪೂಜ್ಯರೇ, ನೀವಲ್ಲ, ನೀವಾಗ ಹುಟ್ಟಿರಲಿಲ್ಲ. ಆದರೆ ನಿಮ್ಮ ಬೂಟು ಅವರದರ ಹಾಗೇ ಇದೆ. ಮುಂದಿನ ಪಾದ್ರಿಗೆ ಚಿಕ್ಕ ಹೊಸ ಮನೆ ಕಟ್ಟಿಸಿದರು. ಇದು ಬಹಳ ಕಾಲ ಬೀಗ ಹಾಕಿಕೊಂಡು ಸೋರಿತು, ಆಮೇಲೆ ಮಾರಾಟವಾಯಿತು. ಅಮ್ಮನಿಗೆ ಪಟ್ಟಣದಲ್ಲಿ ಒಂದು ಕೋಣೆಯ ಮನೆ ಸಿಕ್ಕಿತು. ನಾನು ನೋಡಲು ಹೋದಾಗ ಕೇಳಿದಳು: "ಆ ಮನೆ ಏನಾಯ್ತು?" ಮಾರಿದರಂತಮ್ಮ ಅಂದೆ. "ಕೊಂಡವನಿಗೆ ದೇವರೇ ಗತಿ. ಅದನ್ನ ಬಿಸಿ ಮಾಡೋಕೆ ಯಾರಿಂದಾನೂ ಆಗಲ್ಲ" ಅಂದಳು.

ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಮುಗಿಸುತ್ತೇನೆ. ಶ್ರೀಮತಿ ಸ್ಟ್ರಾಕನ್, ಬನ್ನಿ, ಫಲಕ ತೆಗೆದುಕೊಳ್ಳಿ. ಜೋಪಾನ, ಭಾರವಿದೆ. ನೀವು ಬುದ್ಧಿವಂತೆ, ಕಷ್ಟಪಟ್ಟಿದ್ದೀರಿ, ಹೊಗೆಗೊಳವೆಗಳನ್ನು ಉಳಿಸಿದ್ದೀರಿ. ಶ್ರೀ ಹ್ಯಾಲಿವೆಲ್, ಅಂಗಳದಲ್ಲಿ ಅಳುತ್ತಿದ್ದ ಆ ಹುಡುಗಿಗೆ, ಹೆಸರು ಹೇಳುವುದಿಲ್ಲ, ಬಾಗಿಲಿರುವ ಒಂದು ಕೋಣೆ ಮಾಡಿಕೊಡಿ. ಅದಕ್ಕೆ ಯಾವ ಹೆಸರೂ ಇಡಬೇಡಿ.

ಇನ್ನು ವಂದನೆಗಳು. ನನ್ನನ್ನು ಕರೆದ ಸಂಘಕ್ಕೆ ವಂದನೆ, ಮತ್ತೆ ಕರೆಯಲಾರರು ಎಂದು ಗೊತ್ತಿದ್ದೂ ವಂದನೆ. ಕುರ್ಚಿಗೆ ದಿಂಬು ಇಟ್ಟವರಿಗೆ, ಮೆಟ್ಟಿಲಲ್ಲಿ ಕೈ ಹಿಡಿದವರಿಗೆ, ಕೊನೆಯವರೆಗೂ ಎದ್ದು ಹೋಗದೆ ಕೂತ ನಿಮಗೆ. ಇನ್ನೊಂದು ವಂದನೆ ಬಾಕಿ ಇದೆ, ಅದನ್ನು ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಭಾಷಣ ಶುರು ಮಾಡಿದ ಮೇಲೆ ಯಾವಾಗಲೋ ನಾನು ನನ್ನ ಮೇಲಂಗಿ ತೆಗೆದು ಆ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಈಗ ತಿರುಗಿ ನೋಡಿದಾಗ ಕಂಡಿತು. ಚಳಿಗಾಲದಲ್ಲಿ ಈ ಮನೆಯೊಳಗೆ ನಾನು ಮೇಲಂಗಿ ತೆಗೆದದ್ದು ಇದೇ ಮೊದಲು. ಇಲ್ಲಿ ಬೆಚ್ಚಗಿದೆ.

ನಮಸ್ಕಾರ.